ಅಮ್ಮನ ಎದುರಿಗೇ ನಾನು ಹ್ಞೂಂ ಅಂದಿದ್ದೆ

ಅದು ೧೯೬೩ನೇ ಇಸವಿ. ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ಯಶವಂತಪುರದ ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ವಠಾರದಲ್ಲಿ ನಮ್ಮ ಮನೆ. ಅಪ್ಪ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಅವಳಷ್ಟು ಮಾತಾಡುವವರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಅಳತೆ ಕೊಡಲು ಬಂದವರು ಒಂದು ಗಂಟೆ ಕೂತು ಹೋಗುತ್ತಿದ್ದರು. ಪಕ್ಕದ ಮನೆಯ ಜುಬೇದಮ್ಮನ ಜೊತೆಗಂತೂ ಅರ್ಧ ಕನ್ನಡ, ಅರ್ಧ ಅವರ ಮನೆಮಾತು ಸೇರಿಸಿ ಹರಟುತ್ತಿದ್ದಳು.

ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಬೆಳಿಗ್ಗೆ ನಾನು ಸ್ಕೂಲಿಗೆ ಹೊರಟಿದ್ದೆ. ಅಮ್ಮ ಮಷಿನ್ ಮುಂದೆ ಕೂತು ಬಟ್ಟೆ ಕತ್ತರಿಸುತ್ತಿದ್ದಳು. ಕತ್ತರಿ ಕೆಳಗೆ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಅಮ್ಮನ ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು, ಬಲಗೈ ಜೋತುಬಿದ್ದಿತ್ತು. ನಾನು ಹಿಡಿದುಕೊಳ್ಳುವಷ್ಟರಲ್ಲಿ ಸ್ಟೂಲಿನಿಂದ ಜಾರಿದಳು. ಏನಾಯಿತಮ್ಮಾ ಅಂತ ಎಷ್ಟು ಕೇಳಿದರೂ "ಬಂತು, ಬಂತು" ಅಂದಳೇ ಹೊರತು ಬೇರೆ ಮಾತು ಬರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಎರಡು ವಾರ ಇಟ್ಟುಕೊಂಡು ಮನೆಗೆ ಕಳಿಸಿದರು. ಅಲ್ಲಿ ಹೇಳಿದ್ದರಲ್ಲಿ ಅಪ್ಪನಿಗೆ ಅರ್ಥವಾದದ್ದು ಪಾರ್ಶ್ವವಾಯು ಎಂಬುದೊಂದೇ. ಬಲಗೈ, ಬಲಗಾಲು ಆಡುತ್ತಿರಲಿಲ್ಲ. ಮಾತಂತೂ ಆ "ಬಂತು" ಅನ್ನುವುದರಲ್ಲೇ ನಿಂತುಹೋಗಿತ್ತು. ನೀರು ಬೇಕಾದರೂ ಬಂತು, ಬೇಡವಾದರೂ ಬಂತು. ನನ್ನ ಹೆಸರು ಸರೋಜ. ನನ್ನನ್ನು ನೋಡಿ ಬಾಯಿ ತೆರೆಯುತ್ತಿದ್ದಳು, ತುಟಿ ಒದ್ದಾಡುತ್ತಿತ್ತು, ಕೊನೆಗೆ "ಬಂತು" ಅನ್ನುತ್ತಿದ್ದಳು. ಅಮ್ಮನಿಗೆ ಬುದ್ಧಿ ಹೋಗಿದೆ, ನಾನು ಯಾರೆಂದೂ ಮರೆತಿದ್ದಾಳೆ ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟೆವು.

ನೋಡಿಕೊಳ್ಳಲು ಯಲಹಂಕದಿಂದ ಅತ್ತೆ ಬಂದರು, ಅಪ್ಪನ ಅಕ್ಕ. ಅವರು ಕೆಟ್ಟವರಲ್ಲ. ಅಮ್ಮನ ಮೈ ಒರೆಸಿ, ಬಟ್ಟೆ ಬದಲಾಯಿಸಿ, ಗಂಜಿ ಕುಡಿಸುತ್ತಿದ್ದವರು ಅವರೇ. ಆದರೆ ಅಮ್ಮನ ಜೊತೆ ಮಾತಾಡುತ್ತಿರಲಿಲ್ಲ. ನಾವ್ಯಾರೂ ಆಡುತ್ತಿರಲಿಲ್ಲ. ಜುಬೇದಮ್ಮ ಮಾತ್ರ ದಿನಾ ಬಂದು ಹಾಸಿಗೆ ಪಕ್ಕ ಕೂತು, ನಲ್ಲಿ ನೀರು ನಿಂತದ್ದು, ತಮ್ಮ ಮಗು ತೆವಳಿದ್ದು, ಎಲ್ಲ ಹೇಳುತ್ತಿದ್ದರು. "ಅವಳಿಗೇನ್ ಗೊತ್ತಾಗ್ತದೆ ಅಂತ ಅಷ್ಟೊಂದು ಏಳ್ತೀಯವ್ವಾ?" ಅಂತ ಅತ್ತೆ ಕೇಳಿದರೆ, "ಕಣ್ಣು ನೋಡಿ ಅಕ್ಕ, ಕಣ್ಣು ಕೇಳ್ತದೆ" ಅನ್ನುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಅಪ್ಪ ಊಟ ಮುಗಿಸಿ ಕೂತಿದ್ದರು. ಅಮ್ಮ ಗೋಡೆ ಪಕ್ಕ ಮಲಗಿದ್ದಳು, ಎಚ್ಚರವಾಗಿಯೇ. ಅತ್ತೆ ಮಾತು ತೆಗೆದರು.

"ಇಂಗೇ ಎಷ್ಟ್ ದಿನಾಂತ ನಡೀತದೆ ತಮ್ಮಾ? ಅವಳನ್ನ ಅವರಮ್ಮನ ಮನೇಲಿ ಬಿಟ್ಬಿಡು. ನೋಡ್ಕೊಳ್ತಾರೆ. ನಮ್ ಕಡೆ ಒಂದು ಒಳ್ಳೇ ಎಣ್ಣಿದೆ, ನಾನು ಮಾತಾಡ್ತೀನಿ."

ಅಪ್ಪ ತಲೆ ತಗ್ಗಿಸಿ ಕೂತರು. ಅತ್ತೆ ನನ್ನ ಕಡೆ ತಿರುಗಿದರು. "ನೀನಾದ್ರೂ ಏಳೇ ಸರೋಜಾ. ಪರೀಕ್ಷೆ ಬೇರೆ ಬರ್ತಾ ಅದೆ. ನಿಂಗೂ ಒಬ್ಬಳು ಅಮ್ಮ ಬೇಡ್ವಾ?"

ಅಷ್ಟು ದಿನದಿಂದ ಅಡುಗೆ, ನೀರು, ಓದು ಎಲ್ಲದರಲ್ಲೂ ಸೋತಿದ್ದೆ. ಯಾರಾದರೂ ಬಂದು ಇದನ್ನೆಲ್ಲ ವಹಿಸಿಕೊಂಡರೆ ಸಾಕು ಅನ್ನಿಸಿಬಿಟ್ಟಿತ್ತು. ನಾನು "ಹ್ಞೂಂ" ಅಂದೆ. ಅಮ್ಮನ ಕಡೆ ನೋಡಲೂ ಇಲ್ಲ.

ಮೂರೋ ನಾಲ್ಕೋ ದಿನ ಕಳೆದ ಮೇಲೆ ಜುಬೇದಮ್ಮ ತಮ್ಮ ಹೆರಿಗೆ ಮಾಡಿಸಿದ್ದ ಲೇಡಿ ಡಾಕ್ಟರನ್ನು ಜಟಕಾದಲ್ಲಿ ಕರೆದುಕೊಂಡು ಬಂದರು. ಮೂವತ್ತು ದಾಟಿರದ ಹೆಂಗಸು, ಬಿಳಿ ಸೀರೆ. ಅವರು ಬಂದವರೇ ನಮ್ಮನ್ನು ಬಿಟ್ಟು ನೇರವಾಗಿ ಅಮ್ಮನ ಹತ್ತಿರ ಕೂತು, "ನಮಸ್ಕಾರ ಕಣಮ್ಮ. ನಿಮ್ಮನ್ನ ಒಂದ್ಸಲ ನೋಡ್ಲಾ?" ಅಂತ ಅನುಮತಿ ಕೇಳಿದರು. ಎದೆಯ ಸದ್ದು ಬಹಳ ಹೊತ್ತು ಕೇಳಿ, ಅಪ್ಪನನ್ನು ಕೇಳಿದರು. "ಇವರು ಚಿಕ್ಕವರಿದ್ದಾಗ ಜ್ವರ ಬಂದು ಕೀಲೆಲ್ಲ ಊದ್ಕೊಂಡಿತ್ತಾ?" ಹೌದು, ಅಮ್ಮನ ತಾಯಿ ಹಾಗೆ ಹೇಳುತ್ತಿದ್ದರು ಅಂತ ಅಪ್ಪ ಅಂದರು. "ಆಗ ಹೃದಯದ ಕವಾಟಕ್ಕೆ ಏಟಾಗಿರುತ್ತೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಒಂದು ಚೂರು ಮೆದುಳಿಗೆ ಹೋಗಿ ಸಿಕ್ಕಿಕೊಂಡಿದೆ."

ಆಮೇಲೆ ಅಮ್ಮನಿಗೆ ಹೇಳಿದರು, "ಕಣ್ಣು ಮುಚ್ಚಿ." ಅಮ್ಮ ಮುಚ್ಚಿದಳು. "ಎಡಗೈ ಎತ್ತಿ." ಎತ್ತಿದಳು. "ಈ ಮನೆ ಬಾಗಿಲು ತೋರಿಸಿ." ತೋರಿಸಿದಳು. "ನಿಮ್ಮ ಮಗಳು ಯಾರು?"

ಅಮ್ಮನ ಬೆರಳು ನನ್ನ ಕಡೆ ಬಂತು.

ಡಾಕ್ಟರು ಸ್ವಲ್ಪ ಬಗ್ಗಿ, "ಇಷ್ಟು ದಿನ ಇಲ್ಲಿ ಆಡಿದ ಮಾತೆಲ್ಲ ನಿಮಗೆ ಅರ್ಥ ಆಗ್ತಿತ್ತಾ?" ಅಂದರು. ಅಮ್ಮ ನಿಧಾನವಾಗಿ ತಲೆಯಾಡಿಸಿದಳು. ಕಣ್ಣಂಚಿನಿಂದ ನೀರಿಳಿದು ಕಿವಿಯವರೆಗೆ ಹೋಯಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದರು. ಅಪ್ಪ ಎದ್ದು ಹೊರಗೆ ಹೋದರು.

ಕಿಟಕಿಯಲ್ಲಿ ನನ್ನ ಜೀವಶಾಸ್ತ್ರದ ನೋಟ್‌ಬುಕ್ ಇತ್ತು. ಡಾಕ್ಟರು ಪುಟ ತಿರುವಿ, ನಾನು ಬರೆದಿದ್ದ ಮೆದುಳಿನ ಚಿತ್ರ ತೆಗೆದರು. ಅದಕ್ಕೆ ಹತ್ತಕ್ಕೆ ಒಂಬತ್ತು ಅಂಕ ಬಂದಿತ್ತು, ಹೆಸರುಗಳೆಲ್ಲ ಬಾಯಿಪಾಠ. ಆದರೆ ಅದೇ ಮೆದುಳು ನಮ್ಮ ಮನೆಯಲ್ಲೂ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ.

"ಇಲ್ಲಿ ಬಾಮ್ಮ," ಅಂತ ಪೆನ್ಸಿಲ್ ಇಟ್ಟು ತೋರಿಸಿದರು. "ಹಣೆಯ ಹಿಂದಿನ ಈ ಭಾಗ ಯೋಚನೆ ಮಾಡೋಕೆ, ತೀರ್ಮಾನ ತಗೊಳ್ಳೋಕೆ. ನೆತ್ತಿಯ ಕೆಳಗೆ ಕೈಕಾಲು ಆಡಿಸೋ ಜಾಗ, ಅದರ ಹಿಂದೆ ಮುಟ್ಟಿದ್ದು ತಿಳಿಯೋ ಜಾಗ. ತಲೆಯ ಹಿಂಭಾಗ ಇದೆಯಲ್ಲ, ಕಣ್ಣು ನೋಡಿದ್ದನ್ನ ಗುರುತು ಹಿಡಿಯೋದು ಅಲ್ಲಿ. ಕೆಳಗಿನ ಈ ಚಿಕ್ಕ ಮೆದುಳು ನಡೆಯುವಾಗ ಬೀಳದ ಹಾಗೆ ನೋಡ್ಕೊಳ್ಳುತ್ತೆ. ಈ ಕಾಂಡದಂಥದ್ದು ಉಸಿರು, ಎದೆಬಡಿತ ನಡೆಸುತ್ತೆ. ನಿಮ್ಮಮ್ಮನಿಗೆ ಇದರಲ್ಲಿ ಹೆಚ್ಚಿನದೆಲ್ಲ ಚೆನ್ನಾಗೇ ಇದೆ."

ಆಮೇಲೆ ಎಡಭಾಗದಲ್ಲಿ, ಹಣೆಯ ಪಕ್ಕ, ಒಂದು ಸಣ್ಣ ಸೊನ್ನೆ ಸುತ್ತಿದರು. "ಪೆಟ್ಟು ಬಿದ್ದಿರೋದು ಇಲ್ಲಿ. ಎಡ ಮೆದುಳು ಬಲಗೈ, ಬಲಗಾಲು ನಡೆಸುತ್ತೆ. ಮಾತನ್ನ ಕಟ್ಟಿ ಹೊರಗೆ ಕಳಿಸೋ ಜಾಗವೂ ಹೆಚ್ಚಿನವರಿಗೆ ಎಡಗಡೆಯೇ. ಮಾತು ಅರ್ಥ ಮಾಡ್ಕೊಳ್ಳೋ ಜಾಗ ಬೇರೆ, ಇನ್ನೂ ಹಿಂದೆ, ಕಿವಿಯ ಹತ್ತಿರ. ಅದಕ್ಕೆ ಅಷ್ಟು ಪೆಟ್ಟಾಗಿಲ್ಲ. ನಿನ್ನ ಹೆಸರು ಅವರಿಗೆ ಗೊತ್ತು ಕಣಮ್ಮ. ಬಾಯಿಗೆ ಬರ್ತಿಲ್ಲ ಅಷ್ಟೆ."

ಅವರು ಹೋದ ಮೇಲೆ ನಾನು ಆ ಕೋಣೆಗೆ ಹೋಗಲಿಲ್ಲ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದೆ. ನನ್ನ ಹ್ಞೂಂ ಅಮ್ಮನಿಗೆ ಕೇಳಿತ್ತು. ಅಂದಿನಿಂದ ಅವಳು ಅದನ್ನು ಹೊತ್ತುಕೊಂಡು, ಕೇಳಲೂ ಆಗದೆ, ಬೈಯಲೂ ಆಗದೆ ಮಲಗಿದ್ದಳು. ಸಂಜೆ ಅತ್ತೆಯೇ ಬಂದು ನನ್ನ ಕೈ ಹಿಡಿದರು. "ನಾನು ಓಗಿ ತಪ್ಪಾಯ್ತು ಅಂದೆ ಕಣೆ. ನೀನೂ ಓಗು, ನಿನ್ನೇ ಉಡುಕ್ತಾ ಅವಳೆ."

ಹೋಗಿ ಬಾಗಿಲಲ್ಲಿ ನಿಂತೆ. ಅಮ್ಮ ನನ್ನನ್ನು ನೋಡಿ, ಎಡಗೈ ಊರಿ, ಉಬ್ಬಸಪಡುತ್ತಾ ಗೋಡೆಯ ಕಡೆಗೆ ಸರಿದಳು. ಹಾಸಿಗೆಯಲ್ಲಿ ಒಬ್ಬರು ಮಲಗುವಷ್ಟು ಜಾಗವಾಯಿತು. ಆ ಜಾಗವನ್ನು ಅಂಗೈಯಿಂದ ತಟ್ಟಿದಳು. ನಾನು ಮಲಗಿ ಅವಳ ಕುತ್ತಿಗೆಗೆ ಮುಖ ಒತ್ತಿ, "ನಾನು ಹಾಗೆ ಅನ್ನಬಾರದಿತ್ತಮ್ಮ" ಅಂದೆ. "ಬಂತು, ಬಂತು" ಅಂದಳು. ಬಿದ್ದು ಪೆಟ್ಟುಮಾಡಿಕೊಂಡು ಬಂದ ಮಗುವನ್ನು ಸಮಾಧಾನ ಮಾಡುವಾಗ "ಸರಿಹೋಯ್ತು, ಸರಿಹೋಯ್ತು" ಅನ್ನುತ್ತಾರಲ್ಲ, ಹಾಗಿತ್ತು ಆ ರಾಗ.

ಎರಡನೇ ಮದುವೆಯ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಅತ್ತೆ ಇನ್ನೂ ಎಂಟು ತಿಂಗಳು ಇದ್ದರು. ದಿನಾ ಅಮ್ಮನ ಎದುರು ಕೂತು, ಸಾರಿಗೆ ಏನು ಹಾಕಲಿ ಅಂತ ತರಕಾರಿ ಒಂದೊಂದನ್ನೇ ಎತ್ತಿ ತೋರಿಸಿ ಕೇಳುತ್ತಿದ್ದರು. ಅಪ್ಪ ಕೆಲಸದಿಂದ ಬಂದು ಕಾರ್ಖಾನೆಯ ಸುದ್ದಿ ಹೇಳುವುದು ರೂಢಿಯಾಯಿತು. ಅವರು ಅಷ್ಟು ಮಾತಾಡಬಲ್ಲರೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ನಾನು ಹೇಗೋ ಪಾಸಾದೆ. ಮುಂದಿನ ವರ್ಷದ ಹೊತ್ತಿಗೆ ಅಮ್ಮ ಗೋಡೆ ಹಿಡಿದು ನಡೆಯುತ್ತಿದ್ದಳು. ಇಪ್ಪತ್ತೋ ಮೂವತ್ತೋ ಮಾತು ವಾಪಸು ಬಂದವು. ನನ್ನ ಹೆಸರು ಪೂರ್ತಿ ಬರಲೇ ಇಲ್ಲ, "ಸರೂ" ಅಂತ ನಿಂತಿತು. ಆ ಏಟುಬಿದ್ದ ಹೃದಯ ಇಟ್ಟುಕೊಂಡೇ ಅವಳು ಇನ್ನೂ ಹನ್ನೊಂದು ವರ್ಷ ಬದುಕಿದಳು.

ಈಗ ನನಗೂ ವಯಸ್ಸಾಗಿದೆ. ಹೋದ ತಿಂಗಳು ನನ್ನ ನಾದಿನಿ ಮಾತು ನಿಂತು ಆಸ್ಪತ್ರೆಯಲ್ಲಿ ಮಲಗಿದ್ದಳು. ನಾನು ಹೋದಾಗ ಮಂಚದ ಸುತ್ತ ನಿಂತವರು ಅವಳ ಮುಂದಿನ ಗತಿಯನ್ನು ಅವಳ ಮೇಲೆಯೇ ಬಗ್ಗಿ ಚರ್ಚೆ ಮಾಡುತ್ತಿದ್ದರು. "ಹೊರಗೆ ಹೋಗಿ ಮಾತಾಡ್ಕೊಳ್ಳಿ" ಅಂತ ಎಲ್ಲರನ್ನೂ ಕಳಿಸಿದೆ. ಕುರ್ಚಿ ಎಳೆದುಕೊಂಡು, ಅವಳ ಕಣ್ಣಿಗೆ ಕಾಣುವ ಹಾಗೆ ಕೂತು, ನಾನು ಯಾರು, ಯಾವ ಬಸ್ಸಿನಲ್ಲಿ ಬಂದೆ, ದಾರಿಯಲ್ಲಿ ಎಷ್ಟು ಬಿಸಿಲಿತ್ತು, ಎಲ್ಲ ಹೇಳಿದೆ. ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ನರ್ಸು ಬಂದು ಸಮಯವಾಯಿತು ಅನ್ನುವವರೆಗೂ ಹೇಳುತ್ತಲೇ ಇದ್ದೆ.