ಆಮೇಲೆ ನೆನಪಿಸು ಎಂಬ ಗುಂಡಿ

ಹುಮನಾಬಾದಿನ ತಹಶೀಲ್ ಕಚೇರಿಯ ಎದುರಿನ ಸಾಲಿನಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಮೂರು ಕುರ್ಚಿ. ಮನೆ ಬಸವಕಲ್ಯಾಣದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತೇನೆ, ಸಂಜೆ ಬಸ್ಸಿನಲ್ಲಿ ಹೋಗುತ್ತೇನೆ. ಅಕ್ಕ ಲಾತೂರಿಗೆ ಮದುವೆಯಾಗಿ ಹೋದಳು, ಆಮೇಲೆ ಅವ್ವ ತೀರಿಕೊಂಡಳು. ಈಗ ಆ ಮನೆಯಲ್ಲಿ ನಾನೊಬ್ಬಳೇ. ನನಗೆ ಮದುವೆ ಆಗಲಿಲ್ಲ. ಅದಕ್ಕೆ ಹೇಳಿಕೊಳ್ಳುವಂಥ ಕಾರಣವೂ ಇಲ್ಲ.

ಆರು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಮುನ್ಷಿ ಕೂರುತ್ತಿದ್ದರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು. ನಮ್ಮ ಕಡೆಯ ಹಳೆಯ ಜಮೀನಿನ ಕಾಗದಗಳು ನಿಜಾಮರ ಕಾಲದವು, ಉರ್ದುವಿನಲ್ಲಿವೆ. ಅವನ್ನು ಸರಾಗ ಓದಬಲ್ಲವರು ಈಗ ಬಹಳ ಕಡಿಮೆ. ಹಾಗಾಗಿ ಕೊಹಿನೂರು, ನಾರಾಯಣಪುರದಿಂದಲೂ ರೈತರು ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಚಾಚಾರನ್ನು ಹುಡುಕಿ ಬರುತ್ತಿದ್ದರು. ಚಾಚಾ ಭೂತಗನ್ನಡಿ ಹಿಡಿದು ಓದಿ ಅರ್ಥ ಹೇಳುವರು, ನಾನು ಕನ್ನಡದಲ್ಲಿ ಟೈಪು ಮಾಡುವೆ.

ಒಮ್ಮೆ ‘ಶಿಕ್ಮಿ’ ಎಂಬ ಪದ ಬಂತು. ಏನು ಹಾಗಂದರೆ ಎಂದು ಕೇಳಿದೆ.

“ಶಿಕಮ್ ಅಂದ್ರ ಹೊಟ್ಟಿ, ಬೇಟಿ,” ಎಂದರು. “ಪಟ್ಟಾ ಒಬ್ಬರ ಹೆಸರಿಲೆ ಇರ್ತದ, ಅದರ ಹೊಟ್ಟಿಯೊಳಗ ಉಳುಮಿ ಮಾಡಾವ ಇನ್ನೊಬ್ಬ ಇರ್ತಾನ. ಅವನೇ ಶಿಕ್ಮಿ. ಬರ್ಕೊ ಇದನ್ನ, ನಾ ಹೋದ ಮ್ಯಾಲ ಯಾರ ಹೇಳ್ತಾರ ನಿನಗ?”

ಬರೆದುಕೊಂಡೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅದು ಬೆಳೆಯುತ್ತಾ ಹೋಯಿತು. ಒಂದು ಕಡೆ ಕಾಗದದ ಪದ ಕನ್ನಡ ಅಕ್ಷರದಲ್ಲಿ, ಎದುರಿಗೆ ಚಾಚಾ ಹೇಳಿದ ಅರ್ಥ. ಪ್ರತಿ ಗುರುವಾರ ಆ ವಾರದ ಹಾಳೆಯನ್ನು ಪ್ರಿಂಟು ತೆಗೆದು ಕೊಡುತ್ತಿದ್ದೆ. ಅವರು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು ಹೋಗುತ್ತಿದ್ದರು.

ಒಂದು ಸೋಮವಾರ ಅವರು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು.

ಆಮೇಲೂ ಜನ ಕಾಗದ ಹಿಡಿದು ಬರುತ್ತಿದ್ದರು. “ಮುನ್ಷಿ ಸಾಬರು ಎಲ್ಲಿ ಹೋಗ್ಯಾರ್ರಿ?” ಎಂದು ಕೇಳುವರು. “ಅವರು ಇಲ್ರಿ ಈಗ,” ಎನ್ನುತ್ತಿದ್ದೆ. ಅವರು ಖಾಲಿ ಕುರ್ಚಿಯನ್ನೊಮ್ಮೆ ನೋಡಿ ಹೋಗುತ್ತಿದ್ದರು. ನನಗೆ ಉರ್ದು ಓದಲು ಬಾರದು. ಆದ್ದರಿಂದ ಆ ಪಟ್ಟಿ ಕೆಲಸಕ್ಕೆ ಬರುತ್ತಿದ್ದುದು ಅಷ್ಟಕ್ಕಷ್ಟೆ. ಆದರೂ ದಿನಕ್ಕೊಮ್ಮೆ ತೆರೆದು ಓದುತ್ತಿದ್ದೆ. ಅರ್ಥಗಳನ್ನು ಅವರು ಹೇಳಿದ ಮಾತಿನಲ್ಲೇ ಟೈಪು ಮಾಡಿದ್ದೆನಾದ್ದರಿಂದ, ಓದಿದರೆ ಪಕ್ಕದಲ್ಲಿ ಕೂತು ಹೇಳಿದಂತೆಯೇ ಇರುತ್ತಿತ್ತು.

ಕಂಪ್ಯೂಟರು ಆಗಲೇ ದಿನವೂ ಗೋಗರೆಯುತ್ತಿತ್ತು. ಆಪರೇಟಿಂಗ್ ಸಿಸ್ಟಂ ಹಳೆಯದಾಗಿದೆ, ಅಪ್‌ಡೇಟ್ ಮಾಡಿ ಎಂದು ಪರದೆಯ ಮೂಲೆಯಲ್ಲಿ ಒಂದು ಚೌಕ ಬರುತ್ತಿತ್ತು. ಅದರ ಕೆಳಗೆ ಎರಡು ಗುಂಡಿ: ಈಗಲೇ ಮಾಡು, ಆಮೇಲೆ ನೆನಪಿಸು. ನಾನು ಎರಡನೆಯದನ್ನೇ ಒತ್ತುತ್ತಿದ್ದೆ. ಹೊಸ ಸಿಸ್ಟಂ ಬಂದರೆ ನನ್ನ ಹಳೆಯ ಕನ್ನಡ ಕೀಬೋರ್ಡ್ ನಡೆಯುವುದಿಲ್ಲ, ಪಟ್ಟಿಯ ಅಕ್ಷರಗಳೆಲ್ಲ ಕಲಸಿಹೋಗುತ್ತವೆ ಎಂದು ಯಾರೋ ಹೆದರಿಸಿದ್ದರು. ಅದಕ್ಕಿಂತಲೂ, ಚಾಚಾ ಇದ್ದಾಗ ಹೇಗಿತ್ತೋ ಹಾಗೆಯೇ ಇರಲಿ ಅನ್ನಿಸುತ್ತಿತ್ತು. ಹೀಗೆ ಒಂದೂವರೆ ವರ್ಷ ಕಳೆಯಿತು.

ಒಂದು ಮಧ್ಯಾಹ್ನ ಅರ್ಜಿಯೊಂದನ್ನು ತುಂಬಲು ಏನನ್ನೋ ಹುಡುಕುತ್ತಿದ್ದಾಗ, ಬ್ರೌಸರಿನ ಪುಟದ ನಡುವೆ ದೊಡ್ಡ ಪೆಟ್ಟಿಗೆ ಎದ್ದಿತು. ನಿಮ್ಮ ಪ್ಲಗ್-ಇನ್ ಹಳೆಯದಾಗಿದೆ, ಇಲ್ಲಿ ಒತ್ತಿ ಸರಿಪಡಿಸಿ ಎಂದು ಬರೆದಿತ್ತು. ಎದುರಿಗೆ ಒಬ್ಬ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದಳು. ಖರೇ ಅಪ್‌ಡೇಟನ್ನು ಅಷ್ಟು ದಿನ ಮುಂದೂಡಿದವಳು ಇದನ್ನು ಒಂದು ಗಳಿಗೆಯೂ ಯೋಚಿಸದೆ ಒತ್ತಿಬಿಟ್ಟೆ.

ಸ್ವಲ್ಪ ಹೊತ್ತಿನಲ್ಲೇ ಕಡತಗಳ ಹೆಸರುಗಳು ಒಂದೊಂದಾಗಿ ಬದಲಾದವು. ಯಾವುದನ್ನೂ ತೆರೆಯಲಾಗಲಿಲ್ಲ, ಪಟ್ಟಿಯನ್ನೂ ಕೂಡ. ಆ ಹೆಣ್ಣುಮಗಳನ್ನು ಬೇರೆ ಅಂಗಡಿಗೆ ಕಳಿಸಿ, ಬಾಗಿಲು ಅರ್ಧ ಎಳೆದು ಕೂತೆ. ಅಕ್ಕನಿಗೆ ಫೋನು ಮಾಡಬೇಕೆನ್ನಿಸಿತು. ಏನೆಂದು ಹೇಳುವುದು? ಪದಗಳು ಹೋದವು ಎಂದರೆ ಅವಳಿಗೆ ಏನು ತಿಳಿದೀತು?

ಕೊನೆಗೆ ಬಸವಕಲ್ಯಾಣದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮೇಡಂ ಒಬ್ಬರಿಗೆ ಫೋನು ಹಚ್ಚಿದೆ. ಬಸ್ಸಿನಲ್ಲಿ ಮುಖ ಪರಿಚಯವಾಗಿ, ನಂಬರು ಕೊಟ್ಟಿದ್ದರು.

“ಮೊದಲ ಇಂಟರ್ನೆಟ್ ವೈರ್ ಕೀಳ್ರಿ, ಅಕ್ಕಾರ,” ಎಂದರು. “ಯಾವ ಪೆನ್‌ಡ್ರೈವೂ ಹಚ್ಚಬ್ಯಾಡ್ರಿ. ನಾಳೆ ರವಿವಾರ, ನಾನೇ ಬರ್ತೀನಿ.”

ಮರುದಿನ ಬಂದು ನೋಡಿ, ತಲೆ ಅಲ್ಲಾಡಿಸಿದರು.

“ಬ್ಯಾಕಪ್ ಅದ ಏನ್ರಿ?”

“ಒಂದು ಪೆನ್‌ಡ್ರೈವಿನಾಗ ಅದ್ರಿ. ಖರೇ ಅದು ಮೊದಲಿನ ಎರಡು ವರ್ಷದ್ದು.”

“ಅಷ್ಟೇ ಉಳೀತು ಅಂತ ತಿಳ್ಕೊರ್ರಿ. ಇದನ್ನ ಪೂರ್ತಿ ಅಳಿಸಿ ಹೊಸದು ಹಾಕಬೇಕು.” ಆಮೇಲೆ ದನಿ ತಗ್ಗಿಸಿ, “ಪುಟದೊಳಗ ಹಂಗ ಎದ್ದು ಬರೋದು ವೈರಸ್, ಅಪ್‌ಡೇಟ್ ಅಲ್ರಿ. ಖರೇ ಅಪ್‌ಡೇಟ್ ಸೆಟ್ಟಿಂಗ್ಸ್ ಒಳಗ ಇರ್ತದ. ನಾವೇ ಅಲ್ಲಿಗೆ ಹೋಗಿ ನೋಡಬೇಕು,” ಎಂದರು.

ಎಲ್ಲವನ್ನೂ ಅಳಿಸಿ ಹೊಸ ಸಿಸ್ಟಂ ಹಾಕಿದರು. ಬ್ರೌಸರನ್ನು ಅದರದೇ ಜಾಗದಿಂದ ತಂದು, ಬೇಕಾದ ಒಂದೆರಡು ಪ್ಲಗ್-ಇನ್ ಬಿಟ್ಟು ಬೇರೇನನ್ನೂ ಸೇರಿಸಲಿಲ್ಲ. ನನ್ನ ಪಾಸ್‌ವರ್ಡುಗಳನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ನನ್ನಿಂದಲೇ ಬದಲು ಮಾಡಿಸಿದರು. ಕೀಬೋರ್ಡಿನ ಹೊಸ ಆವೃತ್ತಿ ಹತ್ತು ನಿಮಿಷದಲ್ಲಿ ಕೂತಿತು. ಪೆನ್‌ಡ್ರೈವಿನ ಹಳೆಯ ಪಟ್ಟಿ ತೆರೆಯಿತು, ಒಂದು ಅಕ್ಷರವೂ ಕೆಟ್ಟಿರಲಿಲ್ಲ. ಯಾವುದಕ್ಕೆ ಅಷ್ಟು ದಿನ ಹೆದರಿದ್ದೆನೋ ಅದು ಏನೂ ಆಗಿರಲಿಲ್ಲ. ಆಗ ಮಾತ್ರ ನನಗೆ ಅಳು ಬಂತು. ಮೇಡಂ ಹೊರಗೆ ಹೋಗಿ ಎರಡು ಚಹಾ ಹೇಳಿ ಬಂದರು.

ಉಳಿದ ನಾಲ್ಕು ವರ್ಷದ ಹಾಳೆಗಳು ಚಾಚಾರ ಮನೆಯಲ್ಲಿರಬಹುದು ಎಂಬುದು ಆ ರಾತ್ರಿಯೇ ಹೊಳೆದರೂ ಹೋಗಲು ಒಂದು ವಾರ ಬೇಕಾಯಿತು. ಅವರು ತೀರಿಕೊಂಡ ಮೇಲೆ ನಾನು ಆ ಮನೆಯ ಕಡೆ ಹೋಗಿರಲೇ ಇಲ್ಲ. ಏನಾಗಬೇಕೆಂದು ಹೋಗುವುದು? ಮಗಳಲ್ಲ, ಸಂಬಂಧಿಯಲ್ಲ, ಪಕ್ಕದ ಕುರ್ಚಿಯವಳು.

ಬಾಗಿಲು ತೆರೆದವರು ಚಾಚಾರ ಹೆಂಡತಿ. ಚಾಚಿ, ನಾನು ಟೈಪಿಂಗ್ ಅಂಗಡಿಯವಳು ಎಂದೆ.

“ಬೇಟಿ ಅಂದ್ರ ನೀನೇ ಏನ? ಬಾ ಒಳಗ,” ಎಂದರು. “ನಿನ್ನ ಹೆಸರು ನನಗ ಇವತ್ತಿಗೂ ಗೊತ್ತಿಲ್ಲ ನೋಡು. ದಿನಾ ಬೇಟಿ ಹಿಂಗ ಅಂದಳು, ಬೇಟಿ ಹಂಗ ಅಂದಳು ಅಂತಿದ್ರು. ಇಷ್ಟು ದಿನ ಯಾಕ ಬರಲಿಲ್ಲ?”

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಹಾಳೆಗಳ ವಿಷಯ ಹೇಳಿದೆ. ಚಾಚಿ ಟ್ರಂಕು ತೆಗೆದು ಒಂದು ಕಟ್ಟು ತಂದರು. ಹತ್ತಿಪ್ಪತ್ತು ಹಾಳೆ ಇದ್ದವು. ಉಳಿದವು ಅಡುಗೆಮನೆಯ ಕಪಾಟಿನಲ್ಲಿ ಡಬ್ಬಿಗಳ ಕೆಳಗೆ ಹಾಸಿದ್ದವಂತೆ. ಇಬ್ಬರೂ ಸೇರಿ ಡಬ್ಬಿಗಳನ್ನು ಎತ್ತಿದೆವು. ಎಣ್ಣೆ ಹೀರಿ, ಅರಿಶಿನ ಹತ್ತಿ, ಕೆಲವೆಡೆ ಪದ ಕಾಣುತ್ತಿತ್ತು, ಅರ್ಥ ಕಾಣುತ್ತಿರಲಿಲ್ಲ.

“ನನಗ ಓದಾಕ ಬರಲ್ಲ ಬೇಟಿ, ಬೇಕಾದ ಕಾಗದ ಅಂತ ತಿಳೀಲಿಲ್ಲ,” ಎಂದು ಚಾಚಿ ನನ್ನ ಕೈ ಹಿಡಿದುಕೊಂಡರು.

“ಇರಲಿ ಬಿಡ್ರಿ ಚಾಚಿ,” ಎಂದೆ. ಪಟ್ಟಿಯನ್ನು ಕಳೆದವಳು ನಾನು, ಅವರನ್ನು ಅನ್ನುವುದೇನಿತ್ತು?

ಆ ಹಾಳೆಗಳನ್ನೆಲ್ಲ ಮತ್ತೆ ಟೈಪು ಮಾಡಲು ಇಡೀ ಮಳೆಗಾಲ ಹಿಡಿಯಿತು. ಈಗ ತಿಂಗಳಿಗೊಂದು ಶನಿವಾರ ಪಟ್ಟಿಯನ್ನು ಎರಡು ಪೆನ್‌ಡ್ರೈವಿಗೆ ಹಾಕಿ, ಒಂದನ್ನು ಬಸವಕಲ್ಯಾಣದ ಮನೆಗೆ ಒಯ್ಯುತ್ತೇನೆ. ಆಮೇಲೆ ಸೆಟ್ಟಿಂಗ್ಸ್ ತೆರೆದು ಅಪ್‌ಡೇಟ್ ಹಚ್ಚುತ್ತೇನೆ. ಕಂಪ್ಯೂಟರು ಆರಿ, ಮತ್ತೆ ಹೊತ್ತಿ, ನೂರಕ್ಕೆ ಇಷ್ಟಾಯಿತು ಎಂದು ತೋರಿಸುವಾಗ ಮಾಡಲು ಕೆಲಸವಿರುವುದಿಲ್ಲ. ಮಾತಾಡಲು ಜನವೂ ಇರುವುದಿಲ್ಲ. ರಸ್ತೆ ನೋಡುತ್ತಾ ಕೂರುತ್ತೇನೆ.

ಪಟ್ಟಿಯಲ್ಲಿ ಸುಮಾರು ಪದಗಳ ಎದುರು ಜಾಗ ಖಾಲಿ ಬಿಟ್ಟಿದ್ದೇನೆ. ಉರ್ದು ಬಲ್ಲ ಹಿರಿಯರು ಯಾರಾದರೂ ಅಂಗಡಿಗೆ ಬಂದರೆ ಕೇಳಬೇಕೆಂದಿದ್ದೇನೆ. ಈವರೆಗೆ ಬಂದಿಲ್ಲ.