ಬೋರ್ಡಿನ ಬಲಮೂಲೆಯ ಹೆಸರು

೧೯೯೬ರ ಜೂನ್‌ನಲ್ಲಿ ನಾನು ಹಲಸೂರಿನ ಕಡೆಯ ಒಂದು ಸರ್ಕಾರಿ ಬಾಲಕಿಯರ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯನಾಗಿ ವರ್ಗವಾಗಿ ಬಂದೆ. ಮೂರು ತರಗತಿ, ತರಗತಿಗೆ ಎರಡೆರಡು ಸೆಕ್ಷನ್, ನೀರು ಬಾರದ ನಲ್ಲಿ ಎರಡು, ಅಂಗಳದ ನಡುವೆ ಒಂದು ಹೊಂಗೆ ಮರ. ಶಾಲೆಯಲ್ಲಿ ದಿನವೂ ತಪ್ಪದೆ ಹಾಜರಿದ್ದು ತನ್ನ ಕರ್ತವ್ಯವನ್ನು ನಿರ್ವಹಿಸುತ್ತಿದ್ದದ್ದು ಆ ಮರ ಒಂದೇ. ನಮ್ಮ ಶಿಕ್ಷಕಿಯರಲ್ಲಿ ಒಬ್ಬರಲ್ಲ ಒಬ್ಬರು ಮತದಾರರ ಪಟ್ಟಿ, ಪೋಲಿಯೊ ಹನಿ, ತರಬೇತಿ ಎಂದು ಹೊರಗೇ ಇರುತ್ತಿದ್ದರು. ದೂರಿಗಾಗಿ ಇದನ್ನು ಹೇಳುತ್ತಿಲ್ಲ. ಮುಂದೆ ನಡೆದದ್ದೆಲ್ಲ ಶಿಕ್ಷಕಿ ಇಲ್ಲದ ತರಗತಿಯಲ್ಲಿ ನಡೆದದ್ದರಿಂದ ಹೇಳಬೇಕಾಯಿತು.

ಜುಲೈ ಮೊದಲ ವಾರ ನಾಗೇಂದ್ರಯ್ಯ ಎಂಬವರು ಮಗಳನ್ನು ಕರೆದುಕೊಂಡು ಬಂದರು. ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ತಯಾರಾಗಿ ಬಂದ ಬಿಡಿಭಾಗವನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪಕ್ಕಕ್ಕೆ ಎಸೆಯುವುದು ಅವರ ಕೆಲಸ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಶಾಲೆ ಎನ್ನುವುದು ಮಕ್ಕಳನ್ನೆಲ್ಲ ಒಂದೇ ಅಳತೆಗೆ ತರುವ ಕಾರ್ಖಾನೆ ಎಂಬುದು ಅವರ ಸಿದ್ಧಾಂತ. ಆ ಕಾರಣಕ್ಕೆ ಮಗಳನ್ನು ಒಂದನೇ ತರಗತಿಗೂ ಕಳಿಸಿರಲಿಲ್ಲ. ಬೆಳಗ್ಗೆ ತಾವೇ ಪಾಠ ಹೇಳಿ, ಮಧ್ಯಾಹ್ನ ಸೆಕೆಂಡ್ ಶಿಫ್ಟಿಗೆ ಹೋಗುತ್ತಿದ್ದರು. ಈ ಸಿದ್ಧಾಂತವನ್ನು ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯನ ಎದುರಿಗೇ ಕೂತು, ಅದೇ ಶಾಲೆಯ ಪ್ರವೇಶ ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು, ಸಾವಕಾಶವಾಗಿ ವಿವರಿಸಿದರು. ಅವರ ಧೈರ್ಯವನ್ನು ನಾನು ಮೆಚ್ಚಿದೆ.

ಹುಡುಗಿಯ ಹೆಸರು ವಸುಧಾ, ವಯಸ್ಸು ಹದಿನಾಲ್ಕು. ಹಿಂದಿನ ಶಾಲೆ ಎಂಬುದೇ ಇಲ್ಲದ್ದರಿಂದ ಟಿ.ಸಿ., ಅಂದರೆ ವರ್ಗಾವಣೆ ಪತ್ರವೂ ಇಲ್ಲ. ಅಂಥವರನ್ನು ಪರೀಕ್ಷೆ ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪಡೆದು ಸೇರಿಸಿಕೊಳ್ಳಬೇಕಿತ್ತು. ಪರೀಕ್ಷೆಯಲ್ಲಿ ಆಕೆ ಎಲ್ಲ ಲೆಕ್ಕವನ್ನೂ ಬಿಡಿಸಿ, ನಮ್ಮ ಪ್ರಶ್ನೆಪತ್ರಿಕೆಯಲ್ಲಿದ್ದ ಒಂದು ತಪ್ಪಿಗೆ ಅಡಿಗೆರೆ ಎಳೆದು ಕೊಟ್ಟಳು. ಶಿಕ್ಷಕಿಯರಿಗೆ ಆಕೆಯ ಮೇಲೆ ಅಸಮಾಧಾನ ಹುಟ್ಟಲು ಅಷ್ಟು ಸಾಕಾಯಿತು.

ಇಷ್ಟು ವರ್ಷ ಮನೆಯಲ್ಲಿ ಓದಿ ಈಗ ಯಾಕೆ ಶಾಲೆ ಎಂದು ಕೇಳಿದೆ. ತಂದೆ ಗೋಡೆಯ ಗಡಿಯಾರ ನೋಡಿದರು. ಹುಡುಗಿಯೇ ಉತ್ತರಿಸಿದಳು.

"ಸಂಜೆ ಇಲ್ಲಿನ ಹುಡುಗೀರು ನಮ್ಮನೆ ಮುಂದೆ ಹೋಗ್ತಾರೆ ಸಾರ್. ನಗ್ತಾ ಹೋಗ್ತಾರೆ. ಯಾಕೆ ಅಂತ ಕಿಟಕಿಗೆ ಕೇಳ್ಸಲ್ಲ."

ನನ್ನ ಸರ್ವಿಸಿನಲ್ಲಿ ಪ್ರವೇಶಕ್ಕೆ ನೂರೆಂಟು ಕಾರಣ ಕೇಳಿದ್ದೇನೆ. ಜೊತೆಯಲ್ಲಿ ನಗಲು ನಾಲ್ಕು ಜನ ಬೇಕು ಎಂದು ಬಂದವಳು ಅವಳೊಬ್ಬಳೇ. ಒಂಬತ್ತನೇ ತರಗತಿ ಬಿ ಸೆಕ್ಷನ್‌ಗೆ ಸೇರಿಸಿದೆ.

ಇಲ್ಲಿ ಒಂದು ಪದ್ಧತಿಯನ್ನು ವಿವರಿಸಬೇಕು. ಶಿಕ್ಷಕಿ ಹೊರಗೆ ಹೋದಾಗ ಕ್ಲಾಸ್ ಲೀಡರ್ ಸೀಮೆಸುಣ್ಣ ಹಿಡಿದು ನಿಂತು, ಮಾತಾಡಿದವರ ಹೆಸರನ್ನು ಬೋರ್ಡಿನ ಬಲಮೂಲೆಯಲ್ಲಿ ಬರೆಯುತ್ತಾಳೆ. ಶಿಕ್ಷಕಿ ಹಿಂತಿರುಗಿ ಬಂದು, ಹೆಸರಿಗೆ ಇಷ್ಟು ಎಂದು ಮರದ ಸ್ಕೇಲಿನಲ್ಲಿ ಕೊಡುತ್ತಾರೆ. ಇದು ಬಹಿರಂಗ ಕಾನೂನು. ಇದರ ಅಡಿಯಲ್ಲಿ ಯಾರೂ ಬರೆದಿಡದ ಇನ್ನೊಂದು ಕಾನೂನು ಇರುತ್ತದೆ, ಮೂರು ಕಲಮುಗಳದ್ದು. ಲೀಡರ್ ತನ್ನ ಗೆಳತಿಯರ ಹೆಸರು ಬರೆಯುವುದಿಲ್ಲ. ಬರೆದರೂ ಕಣ್ಣು ಹೊಡೆದರೆ ಅಳಿಸುತ್ತಾಳೆ. ಕೊನೆಗೆ ಶಿಕ್ಷಕಿಯ ಚಪ್ಪಲಿ ಸದ್ದು ಕೇಳಿದಾಗ, ಬೋರ್ಡು ತೀರ ಖಾಲಿ ಇದ್ದರೆ ಅನುಮಾನ ಬರುತ್ತದೆಂದು, ಕೇಳುವವರಿಲ್ಲದ ಯಾರದೋ ಒಂದು ಹೆಸರನ್ನು ಉಳಿಸುತ್ತಾಳೆ. ಒಂದನೇ ತರಗತಿಯಿಂದ ಕೂತು ಬಂದ ಮಕ್ಕಳಿಗೆ ಇದು ಎಲ್ಲಿ ಕಲಿತೆವೆಂಬ ನೆನಪೂ ಇಲ್ಲದಂತೆ ಬಂದಿರುತ್ತದೆ. ವಸುಧಾ ಬೀಜಗಣಿತ ಬಲ್ಲವಳು, ಇದನ್ನು ಅರಿಯಳು.

ಬಿ ಸೆಕ್ಷನ್ನಿನ ಲೀಡರ್ ಶೈಲಜಾ. ಇಂದಿರಾನಗರ ಹೊಲವಾಗಿದ್ದ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ; ಈಗ ಅದೇ ನೆಲದಲ್ಲಿ ಬಾಡಿಗೆ ಬೆಳೆಯುತ್ತಿದ್ದರು. ಹುಡುಗಿಗೆ ಆಳಿ ಅಭ್ಯಾಸವಿತ್ತು. ವಸುಧಾ ಸೇರಿದ ಎರಡನೇ ವಾರ ಕ್ಲಾಸ್ ಟೀಚರ್ ಪಂಕಜಾಕ್ಷಿಯವರು ಹೊರಗೆ ಹೋದ ಒಂದು ಪೀರಿಯಡ್ಡಿನಲ್ಲಿ, ಶೈಲಜಾ ಸೀಮೆಸುಣ್ಣವನ್ನು ಹೊಸಬಳ ಕೈಗೆ ಕೊಟ್ಟು, "ಇವತ್ತು ನೀನ್ ನಿಂತ್ಕೊಳೇ, ನೀನ್ ನಮ್ ಫ್ರೆಂಡ್ ಅಲ್ವಾ" ಎಂದಳಂತೆ. ತಮಾಷೆ ನೋಡುವುದಷ್ಟೇ ಉದ್ದೇಶ. ಕೇಳಿದವಳು ಅದನ್ನು ಪೂರ್ತಿ ನಂಬಿದಳು.

ಪಂಕಜಾಕ್ಷಿ ಹಿಂತಿರುಗಿದಾಗ ಬೋರ್ಡಿನ ಮೂಲೆ ಸಾಲದೆ ಇಡೀ ಬೋರ್ಡು ತುಂಬಿತ್ತು. ದುಂಡು ಅಕ್ಷರ, ಅಕಾರಾದಿ ಕ್ರಮ, ಎಷ್ಟು ಸಲ ಮಾತಾಡಿದರೆಂದು ಮುಂದೆ ಗೆರೆಗಳು. ಶೈಲಜಾಳದೇ ಹೆಚ್ಚು ಗೆರೆ. ಸುಮ್ಮನಿರಿ ಎಂದು ಕೂಗಿದ್ದೂ ಮಾತೇ ಆದ್ದರಿಂದ ವಸುಧಾ ತನ್ನ ಹೆಸರನ್ನೂ ಬರೆದುಕೊಂಡಿದ್ದಳು. ಪಕ್ಕದ ಬಾಗಿಲಲ್ಲಿ ನಿಂತು ಇನ್ನೊಬ್ಬ ಶಿಕ್ಷಕಿಯೊಂದಿಗೆ ಸೀರೆಯ ವಿಚಾರ ಮಾತಾಡುತ್ತಿದ್ದ ಪಂಕಜಾಕ್ಷಿ ಮಿಸ್‌ರ ಹೆಸರೂ ಅದರ ಜಾಗದಲ್ಲೇ ಇತ್ತು. ತಂದೆಯಿಂದ ಕಲಿತ ಅಳತೆ ಅದು. ಅದರಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಇಡೀ ತರಗತಿಗೆ ಏಟು ಬಿತ್ತು. ತಮ್ಮ ಹೆಸರನ್ನು ಅಳಿಸಿದ ಮೇಲೆ ಪಂಕಜಾಕ್ಷಿ ವಸುಧಾಳಿಗೆ ಎರಡು ಹೆಚ್ಚಿಗೆ ಕೊಟ್ಟರು.

ಮಾರನೆಯ ದಿನದಿಂದ ಬಿ ಸೆಕ್ಷನ್ ಆಕೆಯೊಂದಿಗೆ ಟೂ ಬಿಟ್ಟಿತು. ಇಬ್ಬರಲ್ಲ, ನಾಲ್ವರಲ್ಲ, ಇಡೀ ಸೆಕ್ಷನ್. ಪುಸ್ತಕ ಕೇಳಿದರೆ ಉತ್ತರವಿಲ್ಲ. ಕೂತ ಬೆಂಚು ಖಾಲಿ. ಹೊಂಗೆ ಮರದ ಕೆಳಗೆ ಡಬ್ಬಿ ತೆರೆದರೆ, ಸುತ್ತ ಕೂತಿದ್ದವರು ಏನೂ ಹೇಳದೆ ಡಬ್ಬಿ ಮುಚ್ಚಿಕೊಂಡು ಎದ್ದು ಆಚೆ ಕಡೆ ಹೋಗುವರು. ಆಕೆ ಆಚೆ ಹೋದರೆ ಇವರು ಈಚೆ ಬರುವರು. ಕೆಲವು ದಿನ ಹಾಗೆ ಮರ ಸುತ್ತಿದ ಮೇಲೆ ಅವಳು ತರಗತಿಯಲ್ಲೇ ಕೂತು ಉಣ್ಣತೊಡಗಿದಳು.

ಪಂಕಜಾಕ್ಷಿಯವರಿಗೆ ಇದರಲ್ಲಿ ಒಂದು ಆಡಳಿತಾತ್ಮಕ ಅನುಕೂಲ ಕಾಣಿಸಿತು. ವಸುಧಾಳ ಕೈಯಲ್ಲಿ ಸೀಮೆಸುಣ್ಣವಿದ್ದರೆ ತರಗತಿ ಉಸಿರೂ ಎತ್ತುತ್ತಿರಲಿಲ್ಲ. ಆಕೆಯನ್ನೇ ಕಾಯಂ ಲೀಡರ್ ಮಾಡಿದರು. ಆಗಸ್ಟಿನಲ್ಲಿ ತಪಾಸಣೆಗೆ ಬಂದ ಅಧಿಕಾರಿಗಳು, ಶಿಕ್ಷಕಿಯಿಲ್ಲದೆಯೂ ಸೂಜಿ ಬಿದ್ದರೆ ಕೇಳುವಷ್ಟು ಮೌನವಾಗಿದ್ದ ಬಿ ಸೆಕ್ಷನ್ನಿನ ಬಾಗಿಲಲ್ಲಿ ನಿಂತು, ಇಂಥ ಶಿಸ್ತನ್ನು ತಾವು ಯಾವ ಶಾಲೆಯಲ್ಲೂ ಕಂಡಿಲ್ಲವೆಂದು ಭಾವುಕರಾದರು. ಅದರ ರಹಸ್ಯವೇನೆಂದು ನನ್ನನ್ನು ಕೇಳಿದರು. ಮಕ್ಕಳ ಸ್ವಂತ ಪ್ರಯತ್ನ ಎಂದೆ. ಅದು ನಿಜವೇ ಆಗಿತ್ತು.

ಅವರ ಜೀಪು ಹೊರಟ ಮೇಲೆ ಶೈಲಜಾಳನ್ನು ಕರೆಸಿ ಗದರಿದೆ. ಆಕೆ ಕೈಕಟ್ಟಿ ನಿಂತು ಹೇಳಿದಳು: "ನಾವೇನ್ ಮಾಡಿದೀವಿ ಸಾರ್? ಅವಳಿಗೆ ಒಂದ್ ಮಾತೂ ಅಂದಿಲ್ಲ."

ಕಾನೂನಿನ ಪ್ರಕಾರ ಅಪರಾಧವಿರಲಿಲ್ಲ. ಮಾತಾಡಬೇಡಿ ಎಂದು ಆಜ್ಞೆ ಮಾಡುವ ಅಧಿಕಾರ ನನಗಿತ್ತು. ಮಾತಾಡಿ ಎಂದು ಆಜ್ಞೆ ಮಾಡಿದೆ. ಮಾರನೆಯ ದಿನ ಇಡೀ ತರಗತಿ ಸಾಲಾಗಿ ಅವಳ ಮುಂದೆ ಬಂದು, "ಮುಖ್ಯೋಪಾಧ್ಯಾಯರ ಆಜ್ಞೆಯ ಮೇರೆಗೆ ಗುಡ್ ಮಾರ್ನಿಂಗ್" ಎಂದು ಒಬ್ಬೊಬ್ಬರಾಗಿ ಹೇಳಿ ಹೋಯಿತಂತೆ. ಸೆಕ್ಷನ್ ಬದಲಿಸಿ ನೋಡೋಣವೆಂದರೆ, ಸುದ್ದಿ ಎ ಸೆಕ್ಷನ್‌ಗೆ ಆಗಲೇ ತಲುಪಿ, ಅವರೂ ಟೂ ಬಿಟ್ಟಿದ್ದರು.

ನಾಗೇಂದ್ರಯ್ಯನವರನ್ನು ಕರೆಸಿದೆ. ಅವರು ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು, ತಮ್ಮ ಸಿದ್ಧಾಂತ ಗೆದ್ದಿತೆಂಬ ಸಮಾಧಾನವನ್ನು ಆದಷ್ಟು ಮುಚ್ಚಿಟ್ಟುಕೊಂಡು, ಮಗಳಿಗೆ ಬ್ಯಾಗ್ ತಗೊಂಡು ಬಾ, ಮನೆಗೆ ಹೋಗೋಣ ಎಂದರು. ಅವಳು ಅಲುಗಲಿಲ್ಲ.

"ಬರಲ್ಲ ಅಪ್ಪ. ಮನೇಲೂ ನೀವೊಬ್ರೇ ಮಾತಾಡೋದು."

ಅವರು ಕನ್ನಡಕ ಹಾಕಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಶಿಫ್ಟಿಗೆ ಹೊತ್ತಾಯಿತೆಂದು ಟಿನ್ ಫ್ಯಾಕ್ಟರಿ ಕಡೆಯ ಬಸ್ಸು ಹಿಡಿಯಲು ಹೋದರು.

ಬಿ ಸೆಕ್ಷನ್ನಿನ ಕೊನೆಯ ಬೆಂಚಿನಲ್ಲಿ ಸೆಲ್ವಿ ಎಂಬ ಹುಡುಗಿ ಇದ್ದಳು. ತಾಯಿ ಮಾರ್ಕೆಟ್ಟಿನ ಬಳಿ ಬೆಳಗ್ಗೆ ಇಡ್ಲಿ ಮಾರುತ್ತಿದ್ದರು. ಸೆಲ್ವಿ ಪಾತ್ರೆ ತೊಳೆದಿಟ್ಟು ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಹಾಗಾಗಿ ಅವಳ ದಿನ ಏಟಿನಿಂದಲೇ ಆರಂಭ. ಇಡೀ ತರಗತಿ ಬಾಯಿ ಹೊಲಿದುಕೊಂಡಿದ್ದಾಗ ವಸುಧಾಳೊಂದಿಗೆ ಮಾತಾಡುತ್ತಿದ್ದವಳು ಇವಳೊಬ್ಬಳೇ. ಬಹಳವೇನಿಲ್ಲ. ಪಕ್ಕದಲ್ಲಿ ಹಾದು ಹೋಗುವಾಗ, "ಸಾಪ್ಟಿಯಾ, ಊಟ ಆಯ್ತಾ?" ಅಷ್ಟೇ. ಕೆಲವು ಮಧ್ಯಾಹ್ನ ಖಾಲಿ ತರಗತಿಯೊಳಗೆ ಬಂದು, ಡಬ್ಬಿ ಮುಚ್ಚಳದ ಮೇಲೆ ಉಳಿದ ಇಡ್ಲಿ ಒಂದನ್ನು ಇಟ್ಟು ಹೋಗುತ್ತಿದ್ದಳು.

ಸೆಪ್ಟೆಂಬರಿನ ಒಂದು ದಿನ ಪಂಕಜಾಕ್ಷಿ ತರಬೇತಿಯ ಸುತ್ತೋಲೆಗೆ ಸಹಿ ಹಾಕಲು ಆಫೀಸಿಗೆ ಬಂದಿದ್ದರು. ವಸುಧಾ ಎಂದಿನಂತೆ ಸೀಮೆಸುಣ್ಣ ಹಿಡಿದು ಖಾಲಿ ಬೋರ್ಡಿನ ಮುಂದೆ ನಿಂತಿದ್ದಳು. ಎರಡು ತಿಂಗಳ ಮೌನವನ್ನು ಶೈಲಜಾ ಆವತ್ತು ಮುರಿದಳು.

"ದಿನಾ ಒಬ್ಬಳು ಮಾತಾಡ್ತಾಳಲ್ಲ, ಹಿಂದಗಡೆ. ಅವಳ ಹೆಸರು ಯಾಕ್ ಬರಿಯಲ್ಲ? ಬರಿ. ನಾವೂ ನಿನ್ ಜೊತೆ ಮಾತಾಡ್ತೀವಿ."

ಪಂಕಜಾಕ್ಷಿ ಹಿಂತಿರುಗಿದಾಗ ಬೋರ್ಡಿನ ಬಲಮೂಲೆಯಲ್ಲಿ ಒಂದೇ ಹೆಸರಿತ್ತು. ದುಂಡು ಅಕ್ಷರದಲ್ಲಿ, ಸೆಲ್ವಿ. ಮುಂದೆ, ಆ ಎರಡು ತಿಂಗಳಲ್ಲಿ ಎಷ್ಟು ಸಲ ಮಾತಾಡಿದ್ದಳೋ ಅಷ್ಟು ಗೆರೆ. ಪಂಕಜಾಕ್ಷಿ ಗೆರೆ ಎಣಿಸಿಯೇ ಕೊಟ್ಟರು. ಅವರ ನಿಷ್ಪಕ್ಷಪಾತದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ.

ಆ ಮಧ್ಯಾಹ್ನ ನಾನು ಜಗಲಿಯಿಂದ ನೋಡಿದೆ. ಹೊಂಗೆ ಮರದ ಕೆಳಗೆ ಶೈಲಜಾಳ ಗುಂಪಿನ ನಟ್ಟನಡುವೆ ವಸುಧಾ ಕೂತಿದ್ದಳು. ಯಾರೋ ಅವಳ ಡಬ್ಬಿಗೆ ಚಿತ್ರಾನ್ನ ಹಾಕಿದರು. ಯಾರೋ ಏನೋ ಅಂದರು. ಎಲ್ಲರೂ ನಕ್ಕರು, ಒಂದು ಗಳಿಗೆ ತಡವಾಗಿ ಅವಳೂ ನಕ್ಕಳು. ಸಂತೋಷಪಟ್ಟು ಒಳಗೆ ಹೋಗುವಾಗ, ಊದಿದ ಎರಡೂ ಅಂಗೈಯನ್ನು ನೀರಿಲ್ಲದ ನಲ್ಲಿಯ ತಣ್ಣನೆಯ ಕಬ್ಬಿಣಕ್ಕೆ ಒತ್ತಿಕೊಂಡು ನಿಂತಿದ್ದ ಸೆಲ್ವಿ ಕಂಡಳು. ಆಗ ವಿಚಾರಿಸಿದೆ. ವಸುಧಾಳನ್ನು ಆಫೀಸಿಗೆ ಕರೆಸಿದೆ.

"ಸುಳ್ಳು ಬರ್ದಿಲ್ಲ ಸಾರ್," ಎಂದಳು. "ಅವಳು ಮಾತಾಡಿದ್ದು ನಿಜ."

"ಯಾರ ಜೊತೆ ಮಾತಾಡಿದ್ದಮ್ಮ?"

ಅವಳು ನನ್ನ ಮುಖ ನೋಡಿಯೇ ಉತ್ತರ ಕೊಟ್ಟಳು. "ನನ್ ಜೊತೆ."

ಅಳುತ್ತಾಳೆಂದು ಕಾದೆ. ಅಳಲಿಲ್ಲ. ಹೊರಗೆ ಶೈಲಜಾ ಕಾಯುತ್ತಿದ್ದಾಳೆ, ಹೋಗಬಹುದೇ ಎಂದು ಕೇಳಿದಳು.

ಆಮೇಲೆ ಸೆಲ್ವಿಯನ್ನು ಕರೆಸಿದೆ. ಆಫೀಸ್ ರೂಮಿಗೆ ಕರೆದರೆ ಏಟು ಎಂದೇ ಅವಳ ಅನುಭವ. ಒಳಗೆ ಬಂದವಳು ಅಭ್ಯಾಸದಂತೆ ಕೈ ಮುಂದೆ ಚಾಚಿದಳು. ಕೈ ಇಳಿಸಮ್ಮ ಎಂದೆ. ವಸುಧಾ ಮಾಡಿದ್ದು ತಪ್ಪು, ಅವಳಿಂದ ಕ್ಷಮೆ ಕೇಳಿಸುತ್ತೇನೆ ಎಂದು ಏನೇನೋ ಹೇಳಿದೆ. ಅವಳಿಗೆ ನನ್ನನ್ನು ಕಂಡು ಕನಿಕರ ಬಂತೆಂದು ತೋರುತ್ತದೆ.

"ಬಿಡಿ ಸಾರ್. ಚಾಕ್‌ಪೀಸ್ ಕೊಟ್ಟ ಮೊದಲ್ನೇ ದಿನಾನೇ ಕಿವೀಲಿ ಹೇಳಿದ್ದೆ ಅವಳಿಗೆ, ನನ್ ಹೆಸರು ಒಂದು ಬರಿ, ಯಾರೂ ಏನೂ ಅನ್ನಲ್ಲ ಅಂತ. ಅವಳೇ ಕೇಳ್ಲಿಲ್ಲ. ಸುಮ್ನೆ ಎರಡ್ ತಿಂಗಳು ಒಬ್ಬಳೇ ಊಟ ಮಾಡಿದ್ಲು, ಪಾಪ."

ಅದರ ಮಾರನೆಯ ದಿನವೇ ಬೋರ್ಡಿನಲ್ಲಿ ಹೆಸರು ಬರೆಯುವುದನ್ನು ನಿಷೇಧಿಸಿ ಲಿಖಿತ ಆದೇಶ ಹೊರಡಿಸಿದೆ. ಆದೇಶವನ್ನು ಎಲ್ಲ ಶಿಕ್ಷಕಿಯರೂ ಓದಿ ಸಹಿ ಹಾಕಿದರು. ಅಂದಿನಿಂದ ಹೆಸರನ್ನು ಬಾಯಲ್ಲಿ ಹೇಳುವ ಪದ್ಧತಿ ಬಂತು, ಹೆಸರು ಬದಲಾಗಲಿಲ್ಲ.

ದಸರಾ ರಜೆಗೆ ಮುಂಚೆ ನಾಗೇಂದ್ರಯ್ಯ ಒಂದು ಪೊಟ್ಟಣ ಮೈಸೂರುಪಾಕು ಹಿಡಿದು ಬಂದರು. ಶಾಲೆಯ ಬಗ್ಗೆ ತಮ್ಮ ಅಭಿಪ್ರಾಯ ತಪ್ಪಾಗಿತ್ತೆಂದು ಒಪ್ಪಿಕೊಂಡರು. ಮಗಳು ಈಗ ಎಲ್ಲರೊಂದಿಗೆ ಬೆರೆಯುತ್ತಾಳಂತೆ, ಸಂಜೆ ನಗುತ್ತ ಮನೆಗೆ ಬರುತ್ತಾಳಂತೆ. "ಒಂಬತ್ತು ವರ್ಷ ನಾನು ಕಲಿಸೋಕಾಗದೇ ಇದ್ದಿದ್ದನ್ನ ನೀವು ಮೂರು ತಿಂಗಳಲ್ಲಿ ಕಲಿಸಿಬಿಟ್ರಿ ಸಾರ್" ಎಂದು ಕೈಮುಗಿದರು. ಮೈಸೂರುಪಾಕನ್ನು ಸ್ಟಾಫ್ ರೂಮಿಗೆ ಕಳಿಸಿದೆ. ಪಂಕಜಾಕ್ಷಿಯವರು ಎರಡು ತೆಗೆದುಕೊಂಡರೆಂದು ತಿಳಿಯಿತು.

ವಸುಧಾ ಹತ್ತನೇ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿ ಪಾಸಾದಳು. ಸೆಲ್ವಿ ಹತ್ತಕ್ಕೆ ಬರಲಿಲ್ಲ. ಲಿಂಗರಾಜಪುರದ ಕಡೆ ಒಂದು ಗಾರ್ಮೆಂಟ್ಸಿಗೆ ಸೇರಿದಳೆಂದು ತಾಯಿ ಹೇಳಿದರು. ಜೂನ್‌ನಲ್ಲಿ ಶಾಲೆ ತೆರೆದ ಒಂದು ವಾರದೊಳಗೆ ಬಿ ಸೆಕ್ಷನ್ ಅವಳ ಜಾಗಕ್ಕೆ ಬೇರೊಬ್ಬಳನ್ನು ಆರಿಸಿಕೊಂಡಿತು.

ಆಮೇಲೆ ಹತ್ತು ವರ್ಷ ಬೇರೆಬೇರೆ ಶಾಲೆಗಳಲ್ಲಿ ಕೆಲಸ ಮಾಡಿದೆ. ಪ್ರವೇಶ ಪರೀಕ್ಷೆಯಲ್ಲಿ ನಾವು ಗಣಿತ, ವಿಜ್ಞಾನ, ಭಾಷೆ ಕೇಳುತ್ತೇವೆ. ಉಳಿದೊಂದು ವಿಷಯವನ್ನು ತರಗತಿ ತಾನೇ ಕಲಿಸುತ್ತದೆ, ಮತ್ತು ಅದರಲ್ಲಿ ಯಾರೂ ಫೇಲಾಗುವುದಿಲ್ಲ. ವೃತ್ತಿ ನನಗೆ ಕಲಿಸಿದ್ದು ಇಷ್ಟು. ಹಾಗಾಗಿ ವರ್ಷದ ಮಧ್ಯೆ ಹೊಸ ಮಗು ಬಂದಾಗಲೆಲ್ಲ, ನಾನೇ ಮೊದಲು ಹೋಗಿ ಆ ತರಗತಿಯಲ್ಲಿ ಕೊನೆಗೆ ಉಳಿಯುವುದು ಯಾರ ಹೆಸರು ಎಂದು ತಿಳಿದುಕೊಂಡು ಬರುತ್ತಿದ್ದೆ. ಒಂದು ಹೆಸರು ಇದ್ದೇ ಇರುತ್ತಿತ್ತು. ಹೊಸ ಮಗುವನ್ನು ಆ ಮಗುವಿನ ಪಕ್ಕದಲ್ಲೇ ಕೂರಿಸುತ್ತಿದ್ದೆ. ಹೊಸಬರಿಗೆ ಅನುಕೂಲವಾಗಲೆಂದು ಎಲ್ಲರೂ ತಿಳಿದಿದ್ದರು. ಆದರೆ ನಾನು ಯೋಚಿಸುತ್ತಿದ್ದದ್ದು ಇನ್ನೊಬ್ಬಳ ಬಗ್ಗೆ: ಹೊಸಬಳು ಆ ವಿಷಯ ಕಲಿಯುವವರೆಗಾದರೂ ಇವಳಿಗೊಬ್ಬ ಗೆಳತಿ ಇರಲಿ ಎಂದು.