ಬರೀ ಮಾತಿಗೆ ಸಂಬಳ

ಮನಸ್ಸಿನ ಡಾಕ್ಟರೂ ಮನೆ ಬಾಡಿಗೆ ಕಟ್ಟಬೇಕು. ನಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲಿರುವುದು ಒಬ್ಬರೇ ಮನೋವೈದ್ಯೆ. ಅವರ ಸಂಬಳದ ಅರ್ಧ ಬಾಡಿಗೆಗೆ ಹೋಗುತ್ತದೆ. ಓದಿನ ಸಾಲದ ಕಂತು ಕಟ್ಟಿ ತಾಯಿಗೆ ಔಷಧಿ ತಂದರೆ ಕೈ ಖಾಲಿ.

ಗಂಡ ತೀರಿಕೊಂಡ ಮೇಲೆ ಮನೆಯೊಡತಿಗೆ ನಿದ್ದೆ ಬರುತ್ತಿರಲಿಲ್ಲ. ಸಂಜೆ ಸಂಜೆ ಮೆಟ್ಟಿಲ ಮೇಲೆ ಕೂತು ಈ ಡಾಕ್ಟರ ಮುಂದೆ ಅತ್ತು ಹಗುರಾದರು. ಈಗ ಗೊರಕೆ ಹೊಡೆಯುತ್ತಾರೆ. ಹೋದ ವಾರ ಅದೇ ಮೆಟ್ಟಿಲ ಮೇಲೆ ನಿಂತು ಬಾಡಿಗೆ ಏರಿಸಿದರು.

"ಅಷ್ಟು ಕೊಡೋಕೆ ನನ್ನಿಂದಾಗಲ್ಲ ಅಕ್ಕಾ," ಎಂದರು ಡಾಕ್ಟರು.

"ನಿಮಗೇನಮ್ಮಾ ಕಷ್ಟ? ಸೂಜಿ ಚುಚ್ಚಬೇಕಾಗಿಲ್ಲ, ಹೊಟ್ಟೆ ಕೊಯ್ಯಬೇಕಾಗಿಲ್ಲ. ಬರೀ ಮಾತಿಗೆ ಸಂಬಳ."

"ಹಾಗಾದ್ರೆ ಬಾಡಿಗೇನೂ ಮಾತಲ್ಲೇ ಕೊಟ್ಬಿಡ್ಲಾ?"

ಒಡತಿ ನಕ್ಕರು, ಬಾಡಿಗೆ ಇಳಿಸಲಿಲ್ಲ. ಡಾಕ್ಟರು ಊರು ಬಿಡಲು ಗಂಟುಮೂಟೆ ಕಟ್ಟುತ್ತಿದ್ದಾರೆ.

ಒಡತಿಯೊಬ್ಬರನ್ನೇ ಬೈದು ಕೈತೊಳೆದುಕೊಳ್ಳಬೇಡಿ. ಆಸ್ಪತ್ರೆಯ ಹಿಂದೆಯೇ ವೈದ್ಯರಿಗೆಂದು ಕಟ್ಟಿಸಿದ ಮನೆಯಿದೆ. ಅದರೊಳಗೆ ಮುರಿದ ಮಂಚಗಳನ್ನು ತುಂಬಿ ಬೀಗ ಜಡಿದಿದ್ದಾರೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಪುಕ್ಕಟೆ ಸೂರು, ನಮ್ಮನ್ನೆಲ್ಲ ನಿದ್ದೆ ಮಾಡಿಸುವವರಿಗೆ ಬೀದಿ. ಆ ದಾರಿಯಲ್ಲಿ ದಿನಾ ಓಡಾಡುವ ನಾವು ಒಮ್ಮೆಯಾದರೂ ಕೇಳಿದ್ದೇವೆಯೇ?

ನಾಳೆ ಬೆಳಿಗ್ಗೆಯೇ ಆಸ್ಪತ್ರೆಯ ಮೇಲಧಿಕಾರಿಯ ಬಾಗಿಲಿಗೆ ಹೋಗಿ. ಆ ಬೀಗ ತೆಗೆಸದೆ ಹಿಂದಿರುಗಬೇಡಿ.